ಒಂದೇ ಮೆಟ್ಟಿಲು, ಇಬ್ಬರ ತಲೆಗೆ ಪೆಟ್ಟು: ಬ್ಯಾಲೆನ್ಸ್ ಪರೀಕ್ಷೆಯಲ್ಲಿ ವಯಸ್ಸು ಎಷ್ಟು ಮುಖ್ಯ ಅಂತ ನಮಗೆ ಗೊತ್ತಾದ ಬಗೆ

ಈ ಮಳೆಗಾಲದಲ್ಲಿ ನಮ್ಮ ಮನೆಯ ಇಬ್ಬರಿಗೆ ಒಟ್ಟಿಗೇ ತಲೆಗೆ ಪೆಟ್ಟು ಬಿತ್ತು. ಒಬ್ಬರು ನಮ್ಮ ಮಾವ, ಅವರಿಗೆ 71 ವರ್ಷ. ಇನ್ನೊಬ್ಬಳು ನನ್ನ ಮಗಳು, ಅವಳಿಗೆ 9. ಇಬ್ಬರಿಗೂ ಕನ್‌ಕಶನ್, ಅಂದರೆ ಪೆಟ್ಟಿನಿಂದ ಮೆದುಳಿನ ಕೆಲಸ ಏರುಪೇರಾಗಿದೆ ಅಂದರು. ಇಬ್ಬರಿಗೂ ಒಂದೇ ಬ್ಯಾಲೆನ್ಸ್ ಪರೀಕ್ಷೆ ಮಾಡಿದರು. ಇಬ್ಬರೂ ಅದರಲ್ಲಿ ಚೆನ್ನಾಗಿ ನಿಲ್ಲಲಿಲ್ಲ. ಅಲ್ಲಿಂದ ಶುರುವಾಯಿತು ಗೊಂದಲ. ಮಗಳಿಗೆ ಇಲ್ಲದ ತೊಂದರೆ ಇದೆ ಅಂತಾಯಿತು. ಮಾವನವರಿಗೆ ಇದ್ದ ತೊಂದರೆ "ವಯಸ್ಸಾಯಿತಲ್ಲ" ಅನ್ನೋ ಮಾತಿನ ಅಡಿಯಲ್ಲಿ ಮುಚ್ಚಿಹೋಯಿತು. ಇದೆಲ್ಲ ಬಿಡಿಸಿಕೊಳ್ಳೋಕೆ ಹಾಸನಕ್ಕೆ ಓಡಾಡಿದ್ದೇ ಓಡಾಡಿದ್ದು. ಮಕ್ಕಳನ್ನೋ ಹಿರಿಯರನ್ನೋ ಕರೆದುಕೊಂಡು ಇದೇ ದಾರಿಯಲ್ಲಿ ಹೋಗುವವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಪುಷ್ಯ ಮಳೆ ಹಿಡಿದು ಬಿಟ್ಟಿರಲಿಲ್ಲ. ಅಂಗಳಕ್ಕೆ ಅಡಿಕೆ ದಬ್ಬೆ ಹಾಕಿದ್ದೆವು, ಆದರೆ ಕೊಟ್ಟಿಗೆ ಕಡೆಗೆ ಇಳಿಯುವ ಕಲ್ಲು ಮೆಟ್ಟಿಲಿಗೆ ಪಾಚಿ ಹಿಡಿದಿತ್ತು. ಮಗಳು ತಾತನ ಕೈ ಹಿಡಿದುಕೊಂಡು ಇಳಿಯುತ್ತಿದ್ದಳು. ಮಾವನವರ ಕಾಲು ಜಾರಿತು, ಅವರ ಜೊತೆ ಅವಳೂ ಬಿದ್ದಳು. ಮಾವನವರ ತಲೆಯ ಹಿಂಭಾಗ ಮೆಟ್ಟಿಲಿಗೆ ತಾಗಿತು. ಮಗಳ ಹಣೆ ಪಕ್ಕದ ಗೋಡೆಗೆ ಬಡಿಯಿತು. ಅತ್ತೆ ಕೂಗಿದ್ದು ಕೇಳಿ ನಾನು ಓಡಿಬಂದೆ. ಮಗಳು ಅಳುತ್ತಿದ್ದಳು. ಮಾವನವರು ಎದ್ದು ಕೂತಿದ್ದರು. "ನಾನ್ಯಾಕೆ ಇಲ್ಲಿ ಕೂತಿದೀನಿ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆ ಮಾತಿಗೆ. ಅಳುವ ಮಗುವನ್ನು ನೋಡಿ ಅಷ್ಟು ಭಯ ಆಗಲಿಲ್ಲ.

ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಧಾನವಾಗಿ ಎಲ್ಲ ಕೇಳಿದರು. ಪ್ರಜ್ಞೆ ತಪ್ಪಿತ್ತಾ, ವಾಂತಿ ಆಯಿತಾ, ಫಿಟ್ಸ್ ಬಂತಾ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬಂತಾ, ಎಷ್ಟು ಎತ್ತರದಿಂದ ಬಿದ್ದರು, ಯಾವ ಯಾವ ಮಾತ್ರೆ ತಗೊಳ್ತಾರೆ. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಕೈಕಾಲು ಎತ್ತಿಸಿದರು.

ಆಮೇಲೆ ಅವರು ಹೇಳಿದ್ದು ನಮ್ಮ ಮನೆಯವರಿಗೆ ಸರಿ ಅನ್ನಿಸಲಿಲ್ಲ. ಮಾವನವರಿಗೆ ಸಿಟಿ ಸ್ಕ್ಯಾನ್ ಆಗಲೇಬೇಕು, ಕೂಡಲೇ ಹಾಸನಕ್ಕೆ ಹೋಗಿ ಅಂದರು. ಮಗಳಿಗೆ ಸ್ಕ್ಯಾನ್ ಬೇಡ, ಕಣ್ಣಿಟ್ಟು ನೋಡಿಕೊಂಡರೆ ಸಾಕು ಅಂದರು. ನಮ್ಮವರಿಗೆ ಸಿಟ್ಟೇ ಬಂತು. "ಮಗು ತಲೆ ಸೂಕ್ಷ್ಮ ಅಲ್ವಾ ಮೇಡಂ, ಮೊದಲು ಅವಳದ್ದು ಮಾಡಬೇಕಲ್ವಾ?" ಅಂದರು.

ಡಾಕ್ಟರ್ ಕೊಟ್ಟ ವಿವರಣೆ ಇದು. ಮಗುವಿಗೆ ಪ್ರಜ್ಞೆ ತಪ್ಪಿಲ್ಲ, ವಾಂತಿ ಇಲ್ಲ, ಸರಿಯಾಗಿ ಮಾತಾಡುತ್ತಿದ್ದಾಳೆ, ಬುರುಡೆ ಬಿರುಕು ಬಿಟ್ಟ ಗುರುತಿಲ್ಲ, ಬಿದ್ದದ್ದೂ ಎತ್ತರದಿಂದ ಅಲ್ಲ. ಇಂಥ ಮಗುವಿಗೆ ಸ್ಕ್ಯಾನ್‌ನಿಂದ ಸಿಗೋದು ಕಡಿಮೆ, ವಿಕಿರಣ ಮಾತ್ರ ಸುಮ್ನೆ ಮೈಗೆ ಸೇರುತ್ತೆ. ಹಿರಿಯರ ವಿಷಯ ಬೇರೆ. 65 ದಾಟಿದವರು ಬಿದ್ದು ಸ್ವಲ್ಪ ಹೊತ್ತು ಮರೆವು ಬಂದರೂ ಸ್ಕ್ಯಾನ್ ಮಾಡಿಸಬೇಕು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತೆ. ಮೆದುಳಿಗೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಎಳೆದ ಹಾಗಾಗಿರುತ್ತವೆ, ಸಣ್ಣ ಪೆಟ್ಟಿಗೂ ಹರಿಯಬಹುದು. ಅದರ ಮೇಲೆ ಮಾವನವರು ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ತಾರೆ. ರಕ್ತ ಒಸರಿದರೆ ನಿಲ್ಲೋದು ತಡ.

ವಯಸ್ಸು ಹೇಗೆ ಲೆಕ್ಕಕ್ಕೆ ಬರುತ್ತೆ ಅಂತ ನನಗೆ ಮೊದಲು ಕಂಡದ್ದು ಆವತ್ತೇ. ಒಂದೇ ಮೆಟ್ಟಿಲು, ಒಂದೇ ಗಳಿಗೆ, ಆದರೂ ದಾರಿ ಬೇರೆ ಬೇರೆ.

ಇಲ್ಲಿ ಒಂದು ಮಾತು. ಹಿರಿಯರ ಮಾತ್ರೆಗಳನ್ನು ಬಾಯಲ್ಲಿ ಹೇಳೋಕೆ ಹೋಗಬೇಡಿ. ಸ್ಟ್ರಿಪ್‌ಗಳನ್ನೇ ಒಂದು ಕವರಿಗೆ ಹಾಕಿಕೊಂಡು ಹೋಗಿ. "ಬಿಪಿದು ಒಂದು, ಸಕ್ಕರೆದು ಎರಡು, ಹಾರ್ಟಿಂದು ಒಂದು" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗಲ್ಲ. ಅತ್ತೆ ಹೊರಡುವಾಗ ಇಡೀ ಮಾತ್ರೆ ಡಬ್ಬವನ್ನೇ ಸೆರಗಲ್ಲಿ ಕಟ್ಟಿಕೊಂಡಿದ್ದರು. ಮುಂದೆ ಎಲ್ಲ ಕಡೆ ಕೆಲಸಕ್ಕೆ ಬಂದದ್ದು ಆ ಡಬ್ಬ.

ಹಾಸನಕ್ಕೆ ಬಾಡಿಗೆ ಕಾರು ಮಾಡಿಕೊಂಡೆವು. ಮಳೆಯಲ್ಲಿ ಸಾವಿರದೈನೂರು ರೂಪಾಯಿಗೆ ಕಡಿಮೆ ಯಾರೂ ಒಪ್ಪಲಿಲ್ಲ. ಸ್ಕ್ಯಾನ್ ಸೆಂಟರ್ ಮುಂದೆ ಜನ ತುಂಬಿದ್ದರು. ತುರ್ತು ಅಂತ ಚೀಟಿ ಇದ್ದರೂ ಒಂದು ಗಂಟೆಯ ಮೇಲೆ ಕಾದೆವು. ಸ್ಕ್ಯಾನ್‌ಗೆ ಎರಡೂವರೆ ಸಾವಿರದ ಹತ್ತಿರ ಆಯಿತು. ರಾತ್ರಿ ಬಂದ ರಿಪೋರ್ಟ್‌ನಲ್ಲಿ ರಕ್ತಸ್ರಾವ ಇಲ್ಲ ಅಂತಿತ್ತು. ಅತ್ತೆ ಅಲ್ಲೇ ಕೂತು ಅತ್ತುಬಿಟ್ಟರು.

ಆದರೆ ಸ್ಕ್ಯಾನ್ ನಾರ್ಮಲ್ ಅಂದರೆ ಕನ್‌ಕಶನ್ ಇಲ್ಲ ಅಂತ ಅಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಕಾಣೋದು ರಕ್ತ, ಬಿರುಕು, ಬಾವು. ಕನ್‌ಕಶನ್ ಅಂದರೆ ಮೆದುಳಿನ ಕೆಲಸ ಕೆಲವು ದಿನ ಏರುಪೇರಾಗೋದು. ಅದು ಚಿತ್ರದಲ್ಲಿ ಕಾಣಲ್ಲ. ಹಾಗಾಗಿಯೇ ತಲೆನೋವು, ನೆನಪು, ನಿದ್ದೆ, ಬ್ಯಾಲೆನ್ಸ್ ಇವನ್ನೆಲ್ಲ ಬೇರೆಯಾಗಿ ಪರೀಕ್ಷೆ ಮಾಡುತ್ತಾರೆ. ಇನ್ನೊಂದು ಎಚ್ಚರಿಕೆಯನ್ನೂ ಡಾಕ್ಟರ್ ಕೊಟ್ಟರು. ಹಿರಿಯರಲ್ಲಿ ರಕ್ತ ನಿಧಾನವಾಗಿ ಸೋರಿ ವಾರಗಳ ಮೇಲೂ ತೊಂದರೆ ಕೊಡಬಹುದು. ತಲೆನೋವು ಹೆಚ್ಚಾಗುತ್ತಾ ಹೋದರೆ, ಮಂಕಾದರೆ, ಒಂದು ಕಡೆ ಕೈಕಾಲು ಸೋತರೆ, ನಡಿಗೆ ಇದ್ದಕ್ಕಿದ್ದಂತೆ ಕೆಟ್ಟರೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಮೊದಲ ಸ್ಕ್ಯಾನ್ ಚೆನ್ನಾಗಿತ್ತಲ್ಲ ಅಂತ ಮನೆಯಲ್ಲೇ ಕೂರಬಾರದು.

ಮೊದಲ ವಾರ ಮಗಳಿಗೆ ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಓದೋಕೆ ಕೂತರೆ ಸುಸ್ತು. ಒಂದೆರಡು ದಿನ ಆರಾಮವಾಗಿ ಇರಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಓಡಾಡಲಿ, ಕತ್ತಲೆ ಕೋಣೆಯಲ್ಲಿ ಮಲಗಿಸಿ ಇಡಬೇಡಿ ಅಂದಿದ್ದರು. ಹಾಗೇ ಮಾಡಿದೆವು. ಮಾವನವರಿಗೆ ತಲೆನೋವು ಅಷ್ಟಿರಲಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಹಿಡಿಯುತ್ತಿದ್ದರು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯೇ ತಿರುಗಿದ ಹಾಗಾಗುತ್ತೆ ಅನ್ನುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಎರಡನೇ ವಾರ ಮುಗಿಯುತ್ತಾ ಬಂದಾಗ ಶಾಲೆಯಿಂದ ಫೋನ್ ಬಂತು. ಮಗಳು ಖೋ ಖೋ ಆಡುತ್ತಾಳೆ. ಕ್ರೀಡಾಕೂಟ ಹತ್ತಿರ ಬರುತ್ತಿತ್ತು. ಡಾಕ್ಟರಿಂದ ಫಿಟ್‌ನೆಸ್ ಪತ್ರ ತನ್ನಿ, ಇಲ್ಲದೆ ಮೈದಾನಕ್ಕೆ ಬಿಡೋಕಾಗಲ್ಲ ಅಂದರು. ಶಾಲೆಯವರು ಕೇಳಿದ್ದು ಸರಿಯೇ. ಹಾಗಾಗಿ ಇಬ್ಬರನ್ನೂ ಕರೆದುಕೊಂಡು ಹಾಸನದ ಒಂದು ಕ್ಲಿನಿಕ್‌ಗೆ ಹೋದೆವು. ಈ ಸಲ ಬಸ್ಸು. ನನಗೂ ಮಗಳಿಗೂ ಶಕ್ತಿ ಯೋಜನೆಯಲ್ಲಿ ಉಚಿತ, ಮಾವನವರಿಗೆ ಹಿರಿಯ ನಾಗರಿಕರ ರಿಯಾಯಿತಿ. ಆಧಾರ್ ಕಾರ್ಡ್ ಮರೆಯಬೇಡಿ.

ಅಲ್ಲಿ ಮಾಡಿದ ಪರೀಕ್ಷೆ ಹೀಗಿತ್ತು. ಬರಿಗಾಲಲ್ಲಿ, ಎರಡೂ ಕೈ ಸೊಂಟದ ಮೇಲೆ ಇಟ್ಟು, ಕಣ್ಣು ಮುಚ್ಚಿ 20 ಸೆಕೆಂಡ್ ನಿಲ್ಲಬೇಕು. ಮೊದಲು ಎರಡು ಪಾದ ಜೋಡಿಸಿ. ಆಮೇಲೆ ಒಂಟಿ ಕಾಲಿನಲ್ಲಿ, ಅದೂ ಚೆಂಡು ಒದೆಯದ ಕಾಲಿನಲ್ಲಿ. ಆಮೇಲೆ ಒಂದು ಪಾದದ ಹಿಂದೆ ಇನ್ನೊಂದು, ಹಿಮ್ಮಡಿಗೆ ಬೆರಳು ತಾಗಿಸಿ. ಕಣ್ಣು ತೆರೆದರೆ ಒಂದು ತಪ್ಪು. ಸೊಂಟದಿಂದ ಕೈ ತೆಗೆದರೆ, ಕಾಲು ಊರಿದರೆ, ಮುಗ್ಗರಿಸಿದರೆ, ಹಿಮ್ಮಡಿ ಎತ್ತಿದರೆ ಒಂದೊಂದು ತಪ್ಪು. ಒಂದೊಂದು ಭಂಗಿಗೆ ಹೆಚ್ಚೆಂದರೆ 10, ಒಟ್ಟು 30. ಹೀಗೆ ತಪ್ಪು ಎಣಿಸಿ ಬ್ಯಾಲೆನ್ಸ್ ಅಳೆಯುವ ಪರೀಕ್ಷೆಗೆ ಬೆಸ್ (BESS) ಅಂತಾರೆ. ಇದು ಅದರ ಚಿಕ್ಕ ರೂಪ. ಪೂರ್ತಿ ಪರೀಕ್ಷೆಯಲ್ಲಿ ಇದೇ ಮೂರು ಭಂಗಿಯನ್ನು ದಪ್ಪ ಫೋಮ್ ಮೇಲೂ ಮಾಡಿಸಿ 60ಕ್ಕೆ ಎಣಿಸುತ್ತಾರೆ. ಕ್ರೀಡಾಪಟುಗಳಿಗೆ ಕನ್‌ಕಶನ್ ಆಗಿದೆಯಾ ಅಂತ ನೋಡೋಕೆ ಬಳಸುವ ಸ್ಕ್ಯಾಟ್ (SCAT) ಅನ್ನೋ ಫಾರ್ಮ್‌ನಲ್ಲೂ ಚಿಕ್ಕ ಬೆಸ್ ಇದೆ.

ಮಗಳು ಪಾದ ಜೋಡಿಸಿ ಚೆನ್ನಾಗಿ ನಿಂತಳು. ಒಂಟಿ ಕಾಲಿನಲ್ಲಿ ಪದೇ ಪದೇ ಕಾಲೂರಿದಳು, 8 ತಪ್ಪು. ಹಿಂದೆ ಮುಂದೆ ಪಾದ ಇಟ್ಟಾಗ 4. ಒಟ್ಟು 12. "ಬ್ಯಾಲೆನ್ಸ್ ಸರಿಯಿಲ್ಲ, ಕನ್‌ಕಶನ್ ಇನ್ನೂ ವಾಸಿಯಾಗಿಲ್ಲ" ಅಂತ ಬರೆದರು. ಆಟ ಬೇಡ, ಎಂಆರ್‌ಐ ಮಾಡಿಸಿ ಅಂದರು. ಮಗಳ ಮುಖ ನೋಡೋಕಾಗಲಿಲ್ಲ. "ಅಮ್ಮಾ, ನನಗೆ ತಲೆನೋವೇ ಇಲ್ವಲ್ಲ" ಅಂತ ಒಂದೇ ಸಮನೆ ಹೇಳಿದಳು.

ಮಾವನವರದು ಇನ್ನೂ ಕಷ್ಟ. ಕಣ್ಣು ಮುಚ್ಚಿ ಪಾದ ಜೋಡಿಸಿದರೆ ತೂಗಾಡುತ್ತಿದ್ದರು. ಒಂಟಿ ಕಾಲು ಎತ್ತಿದ ತಕ್ಷಣ ಆಯ ತಪ್ಪಿದರು. ಪಕ್ಕದಲ್ಲಿದ್ದವರು ಹಿಡಿದುಕೊಂಡರು. ಅವರ ಹಾಳೆಯಲ್ಲಿ "ವಯೋಸಹಜ" ಅಂತ ಬರೆದು ತಲೆಸುತ್ತಿಗೆ ಒಂದು ಮಾತ್ರೆ ಕೊಟ್ಟರು. ಹೊರಳಿದಾಗ ಮನೆ ತಿರುಗುತ್ತೆ ಅಂತ ನಾನು ಹೇಳಿದೆ. "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ" ಅಂದರು.

ಬಸ್ಸಲ್ಲಿ ಬರುವಾಗ ನನಗೆ ಅದೇ ಯೋಚನೆ. ಮಗಳ ತಪ್ಪಿಗೆ ಪೆಟ್ಟು ಕಾರಣ, ಮಾವನವರ ತಪ್ಪಿಗೆ ವಯಸ್ಸು ಕಾರಣ. ಇದನ್ನು ಯಾವುದಕ್ಕೆ ಹೋಲಿಸಿ ಹೇಳಿದರು? ಬೀಳುವ ಮೊದಲು ಇವಳು ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿ ಎಷ್ಟು ಹೊತ್ತು ನಿಲ್ಲುತ್ತಿದ್ದಳು ಅಂತ ಯಾರಿಗೆ ಗೊತ್ತು? ಮಾವನವರು ಬೀಳುವ ಮುಂಚೆ ಗೋಡೆ ಹಿಡಿಯುತ್ತಿರಲಿಲ್ಲ, ಅದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಪರಿಚಯದವರೊಬ್ಬರು ಇನ್ನೊಬ್ಬ ನರರೋಗ ತಜ್ಞರ ಬಗ್ಗೆ ಹೇಳಿದರು. ಅವರು ಬೇರೆ ಊರಿನಿಂದ ವಾರದಲ್ಲಿ ಕೆಲವು ದಿನ ಮಾತ್ರ ಹಾಸನಕ್ಕೆ ಬರುತ್ತಾರೆ. ಟೋಕನ್ ಬೆಳಿಗ್ಗೆಯೇ ಮುಗಿದುಹೋಗುತ್ತೆ. ಮೊದಲ ಸಲ ಹೋಗಿ ವಾಪಸ್ ಬಂದೆವು. ಆಮೇಲೆ ಹಾಸನದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಹಿಂದಿನ ರಾತ್ರಿಯೇ ಉಳಿದುಕೊಂಡೆವು. ಹಳ್ಳಿಯಿಂದ ಬರುವವರು ತಜ್ಞರು ಬರುವ ದಿನವನ್ನು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಕನ್ಸಲ್ಟೇಶನ್ ಒಬ್ಬೊಬ್ಬರಿಗೆ 600 ರೂಪಾಯಿ.

ಅಕ್ಕನ ಮಗನೂ ನಮ್ಮ ಜೊತೆ ಬಂದಿದ್ದ. ಅವನಿಗೂ 9 ವರ್ಷ. ಅವನು ಬಂದದ್ದೇ ಒಳ್ಳೆಯದಾಯಿತು.

ಡಾಕ್ಟರ್ ಹಳೆಯ ಹಾಳೆ ನೋಡಿ ಮೊದಲು ಕೇಳಿದ್ದು ಮಗಳ ವಯಸ್ಸು. "9 ವರ್ಷದ ಮಗುವಿಗೆ ದೊಡ್ಡವರ ಲೆಕ್ಕ ಹಾಕಿದ್ದಾರೆ" ಅಂದರು. ಸ್ಕ್ಯಾಟ್‌ನಲ್ಲಿ ಮಕ್ಕಳಿಗೆ ಬೇರೆ ಫಾರ್ಮ್ ಇದೆ, 13 ವರ್ಷದಿಂದ ಮೇಲಿನವರಿಗೆ ಬೇರೆ. 2017ರ ಮಕ್ಕಳ ಫಾರ್ಮ್ 5ರಿಂದ 12 ವರ್ಷದವರಿಗೆ. ಅದರಲ್ಲಿ ಒಂಟಿ ಕಾಲಿನ ಭಂಗಿ ಇರೋದೇ 10 ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಎರಡೇ ಭಂಗಿ, 20ಕ್ಕೆ ಲೆಕ್ಕ. 2023ರಲ್ಲಿ ಬಂದ ಹೊಸ ಮಕ್ಕಳ ಫಾರ್ಮ್ 8ರಿಂದ 12ರವರೆಗಿನವರಿಗೆ. ಅಂದರೆ ಮಗಳ 12 ತಪ್ಪಿನಲ್ಲಿ 8 ತಪ್ಪು, 2017ರ ಫಾರ್ಮ್ ಪ್ರಕಾರ ಅವಳ ವಯಸ್ಸಿನವರಿಗೆ ಎಣಿಸದೇ ಇದ್ದ ಭಂಗಿಯಿಂದ ಬಂದದ್ದು.

ಯಾಕೆ ಹೀಗೆ ಅಂತ ಕೇಳಿದೆ. ಬ್ಯಾಲೆನ್ಸ್ ನಿಂತಿರೋದು ಮೂರು ಕಲ್ಲಿನ ಒಲೆಯ ಹಾಗೆ ಅಂದರು. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿ. ಮೂರನ್ನೂ ಸೇರಿಸಿ ಅಳೆದು ತೂಗುವ ಕೆಲಸ ಮೆದುಳಿನದು. ಮಕ್ಕಳಲ್ಲಿ ಆ ಕೆಲಸ ಇನ್ನೂ ಪಳಗಿರುವುದಿಲ್ಲ, ಹದಿಹರೆಯದವರೆಗೂ ಬೆಳೆಯುತ್ತಾ ಹೋಗುತ್ತೆ. ಚಿಕ್ಕ ಮಕ್ಕಳು ಕಣ್ಣನ್ನೇ ಜಾಸ್ತಿ ನಂಬಿರುತ್ತಾರೆ. ಕಣ್ಣು ಮುಚ್ಚಿಸಿದರೆ ಪೆಟ್ಟು ಬೀಳದ ಮಗುವೂ ತೂಗಾಡುತ್ತೆ. ಆಮೇಲೆ ಗಮನದ ವಿಷಯವೂ ಇದೆ. 20 ಸೆಕೆಂಡ್ ಅಲುಗಾಡದೆ ನಿಲ್ಲೋದು 9 ವರ್ಷದವರಿಗೆ ದೊಡ್ಡ ಶಿಕ್ಷೆ.

ಇಷ್ಟು ಹೇಳಿ ಅವರು ಅಕ್ಕನ ಮಗನನ್ನು ಕರೆದರು. "ಬಾರಪ್ಪ, ನೀನೂ ನಿಲ್ಲು." ಅವನು ಎಲ್ಲೂ ಬಿದ್ದಿಲ್ಲ, ತಲೆಗೆ ಏನೂ ಆಗಿಲ್ಲ. ಹಿಂದೆ ಮುಂದೆ ಪಾದ ಇಟ್ಟು ನಿಂತಾಗ ಅವನಿಗೂ 4 ತಪ್ಪು. ಮಗಳಿಗೆ ಆ ದಿನ 3. ಒಂಟಿ ಕಾಲಿನಲ್ಲಿ ಅವನು ಮಗಳಿಗಿಂತ ಕೆಟ್ಟದಾಗಿ ನಿಂತ. ಒಬ್ಬ ಹುಡುಗನನ್ನು ನೋಡಿ ತೀರ್ಮಾನ ಮಾಡೋಕಾಗಲ್ಲ, ನಿಮಗೆ ಅರ್ಥವಾಗಲಿ ಅಂತ ತೋರಿಸಿದೆ ಅಂದರು. ನನ್ನ ಎದೆಯ ಭಾರ ಆ ಕ್ಷಣಕ್ಕೆ ಇಳಿಯಿತು. ಮಗಳು ಆ ಹುಡುಗನ ಕಡೆ ನೋಡಿ ನಕ್ಕಿದ್ದನ್ನು ಬಹಳ ದಿನದ ಮೇಲೆ ನೋಡಿದೆ.

ಇನ್ನೊಂದು ವಿಷಯ ಹೇಳಿದರು. ಈ ಪರೀಕ್ಷೆ ಹೆಚ್ಚು ಉಪಯುಕ್ತ ಆಗೋದು ಪೆಟ್ಟು ಬಿದ್ದ ಮೊದಲ 3 ದಿನಗಳಲ್ಲಿ, ಹೆಚ್ಚೆಂದರೆ ಒಂದು ವಾರ. ಕ್ರೀಡಾಪಟುಗಳಾದ ಯುವಕರಲ್ಲಿ ಈ ಅಂಕ 3ರಿಂದ 5 ದಿನದಲ್ಲೇ ಮೊದಲಿನಂತಾಗುತ್ತೆ. ಆದ್ದರಿಂದ ವಾರಗಳ ಮೇಲೆ ಇದೊಂದನ್ನೇ ಹಿಡಿದು ವಾಸಿಯಾಗಿದೆ, ಆಗಿಲ್ಲ ಅನ್ನೋದು ಸರಿಯಲ್ಲ. ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದು ತಕ್ಷಣ ನಿಲ್ಲಿಸಿದರೂ ತಪ್ಪು ಜಾಸ್ತಿ ಆಗುತ್ತೆ, ದಣಿವು ಅಂಕವನ್ನು ಕೆಡಿಸುತ್ತೆ. ಅದಕ್ಕೇ ಅವರು ಮೊದಲು ನಮ್ಮನ್ನು ಸುಮ್ನೆ ಕೂರಿಸಿದ್ದರು. ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೆ ಅಭ್ಯಾಸದಿಂದಲೂ ತಪ್ಪು ಕಡಿಮೆ ಆಗುತ್ತೆ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಮಗಳ ಕೈಯಲ್ಲಿ 3 ಮೀಟರ್ ಟೇಪಿನ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿದರು. ಕಣ್ಣು ಒಂದು ಕಡೆ ನೆಟ್ಟು ತಲೆ ಆಡಿಸೋಕೆ ಹೇಳಿದರು. ತಿಂಗಳುಗಳನ್ನು ಹಿಂದಿನಿಂದ ಹೇಳಿಸಿದರು. ಓಡಿಸಿ ತಲೆನೋವು ಬರುತ್ತಾ ಅಂತ ನೋಡಿದರು. ಬರಲಿಲ್ಲ. ಎಂಆರ್‌ಐ ಬೇಡ ಅಂದರು. ಅದಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡು ಉಳಿಯಿತು.

ಮೊದಲಿನ ಅಂಕ ಇಲ್ಲದಿದ್ದಾಗ ಏನು ಮಾಡೋದು? ನಮ್ಮ ಕಡೆ ಶಾಲೆಗಳಲ್ಲಿ ಯಾರೂ ಮುಂಚೆಯೇ ಬ್ಯಾಲೆನ್ಸ್ ಬರೆದಿಟ್ಟಿರಲ್ಲ. ಡಾಕ್ಟರ್ ನನ್ನ ಮೊಬೈಲ್ ಕೇಳಿದರು. ಬೀಳುವ ಮೊದಲಿನ ವಿಡಿಯೋ ಏನಾದರೂ ಇದೆಯಾ ಅಂದರು. ಶಾಲೆಯಲ್ಲಿ ಮಗಳು ಖೋ ಖೋ ಆಡಿದ್ದು ಇತ್ತು. ಮಾವನವರು ಬೇಸಿಗೆಯಲ್ಲಿ ಕಣದಲ್ಲಿ ಕಾಫಿ ಹರಡುತ್ತಾ ಓಡಾಡಿದ್ದೂ ಇತ್ತು. ಮಾವನವರ ವಿಡಿಯೋವನ್ನು ಎರಡು ಸಲ ನೋಡಿದರು. ಯಾರ ಆಸರೆಯೂ ಇಲ್ಲದೆ, ತಿರುಗುವಾಗಲೂ ತಡವರಿಸದೆ ನಡೆಯುತ್ತಿದ್ದರು. "ಇದು ವಯಸ್ಸಲ್ಲ, ಹುಡುಕೋಣ" ಅಂದರು. ನಿಮ್ಮ ಮನೆಯ ಹಿರಿಯರು ನಡೆದಾಡುವುದನ್ನು, ಕುರ್ಚಿಯಿಂದ ಏಳುವುದನ್ನು ಒಂದು ಸಲ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಯಾವ ಕಾಗದಕ್ಕಿಂತಲೂ ನಮಗೆ ಕೆಲಸಕ್ಕೆ ಬಂದದ್ದು ಅದು.

ಮಾವನವರ ಪರೀಕ್ಷೆಗೆ ಬಹಳ ಹೊತ್ತು ಹಿಡಿಯಿತು. ಬೆಸ್‌ನ ತಪ್ಪುಗಳು ವಯಸ್ಸಿನ ಜೊತೆ, ಅದರಲ್ಲೂ 50 ದಾಟಿದ ಮೇಲೆ ಹೆಚ್ಚಾಗುತ್ತವೆ. 70 ದಾಟಿದವರಲ್ಲಿ ಆರೋಗ್ಯವಾಗಿದ್ದವರೂ ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ಕೆಲವು ಸೆಕೆಂಡ್ ನಿಂತರೆ ಹೆಚ್ಚು. ಆದ್ದರಿಂದ ಇವರಿಗೆ ಆ ಪರೀಕ್ಷೆಯಿಂದ ಏನೂ ತಿಳಿಯಲ್ಲ, ಬಿದ್ದರೆ ಇನ್ನೊಂದು ಅಪಾಯ ಅಂದರು. ಬದಲಿಗೆ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರೋಕೆ ಹೇಳಿ ಗಡಿಯಾರ ಹಿಡಿದರು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಮಾವನವರಿಗೆ 18 ಆಯಿತು. ತಿರುಗುವಾಗಲೇ ಹೆಚ್ಚು ತಡವಾಗಿದ್ದು.

ಮಲಗಿಸಿ ಬಿಪಿ ನೋಡಿದರು, 148 ಇತ್ತು. ಎದ್ದು ನಿಂತ ಮೇಲೆ ನೋಡಿದರು, 122. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಬೆಳಿಗ್ಗೆ ಗೋಡೆ ಹಿಡಿಯುತ್ತಿದ್ದದ್ದಕ್ಕೆ ಒಂದು ಕಾರಣ ಸಿಕ್ಕಿತು. ಕಾಲ್ಬೆರಳಿಗೆ ಕಂಪಿಸುವ ಕವೆಗೋಲು (ಟ್ಯೂನಿಂಗ್ ಫೋರ್ಕ್) ಇಟ್ಟರು. ಹೆಬ್ಬೆರಳಿಗೆ ಗೊತ್ತೇ ಆಗಲಿಲ್ಲ, ಕಣಕಾಲಿಗೆ ಸ್ವಲ್ಪ ಗೊತ್ತಾಯಿತು. ಬಹಳ ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದ ಮಾಡಿತ್ತು. ಕಣ್ಣಿನಲ್ಲಿ ಪೊರೆಯೂ ಇತ್ತು. ಇವೆರಡೂ ಬೀಳುವ ಮೊದಲೇ ಇದ್ದವು, ಆದರೂ ಅವರು ನಡೆಯುತ್ತಿದ್ದರು. ಹಾಗಾದರೆ ಹೊಸದಾಗಿ ಏನೋ ಸೇರಿದೆ ಅಂತ ಅವರ ಲೆಕ್ಕ.

ಹೊರಳಿದಾಗ ತಿರುಗುತ್ತೆ ಅನ್ನೋ ಮಾತನ್ನು ಇಲ್ಲಿ ಕೇಳಿಸಿಕೊಂಡರು. ಅಂದೇ ಕಿವಿ ಮೂಗು ಗಂಟಲು ತಜ್ಞರ ಹತ್ತಿರ ಕಳಿಸಿದರು. ಅವರು ಕುತ್ತಿಗೆ ಸರಿಯಿದೆಯಾ ಅಂತ ನೋಡಿಕೊಂಡು, ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಒಮ್ಮೆಗೇ ಹಿಂದಕ್ಕೆ ಮಲಗಿಸಿದರು. ಕೆಲವು ಸೆಕೆಂಡ್ ಕಳೆದ ಮೇಲೆ ಮಾವನವರ ಕಣ್ಣುಗುಡ್ಡೆಗಳು ತಾವಾಗಿಯೇ ಚಡಪಡಿಸಿದವು. ನಾನು ಕಣ್ಣಾರೆ ನೋಡಿದೆ. "ಅಯ್ಯೋ, ಬಿಡ್ರಪ್ಪ, ಬಿದ್ದೆ ಬಿದ್ದೆ" ಅಂತ ನನ್ನ ಕೈ ಬಿಗಿಯಾಗಿ ಹಿಡಿದರು. ಒಂದು ನಿಮಿಷದೊಳಗೆ ನಿಂತಿತು.

ಒಳಕಿವಿಯಲ್ಲಿ ಕ್ಯಾಲ್ಸಿಯಂನ ಸಣ್ಣ ಹರಳುಗಳಿರುತ್ತವೆ. ಪೆಟ್ಟಿಗೆ ಅವು ಜಾಗ ಬಿಟ್ಟು ಅರ್ಧಚಂದ್ರದ ಕೊಳವೆಗೆ ಸೇರುತ್ತವೆ. ತಲೆ ಅಲುಗಿದಾಗ ಅವೂ ಉರುಳಿ ಸುಳ್ಳು ಸುದ್ದಿ ಕಳಿಸುತ್ತವೆ. ಇದಕ್ಕೆ ಬಿಪಿಪಿವಿ ಅಂತಾರೆ. ವಯಸ್ಸಾದವರಲ್ಲಿ ಪೆಟ್ಟು ಇಲ್ಲದೆಯೂ ಬರುತ್ತೆ, ತಲೆಗೆ ಪೆಟ್ಟು ಬಿದ್ದ ಮೇಲೆ ಯಾವ ವಯಸ್ಸಿನಲ್ಲೂ ಬರಬಹುದು. ಮಾತ್ರೆಯಿಂದ ಇದು ಹೋಗಲ್ಲ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ವಾಪಸ್ ಜಾಗಕ್ಕೆ ಕಳಿಸಬೇಕು. ಎಪ್ಲಿ ಅಂತ ಅದರ ಹೆಸರು. ಕೆಲವೇ ನಿಮಿಷದ ಕೆಲಸ. ಒಂದೇ ಸಲಕ್ಕೆ ಪೂರ್ತಿ ಹೋಗಲಿಲ್ಲ, ಪೆಟ್ಟಿನಿಂದ ಬಂದದ್ದಕ್ಕೆ ಮತ್ತೆ ಮಾಡಬೇಕಾಗೋದು ಉಂಟಂತೆ. ಮುಂದಿನ ಸಲ ಮಾಡಿದ ಮೇಲೆ ಬಲಕ್ಕೆ ಹೊರಳಿ ಮಲಗಿದರು. ಬೆಳಿಗ್ಗೆ ಎದ್ದು "ತಿರುಗಲಿಲ್ಲ ಕಣಮ್ಮ" ಅಂದರು.

ನನಗೆ ಈಗಲೂ ಸಂಕಟ ಆಗೋದು ಇದಕ್ಕೇ. ಕೆಲವು ನಿಮಿಷದಲ್ಲಿ ಸರಿಯಾಗುವ ತೊಂದರೆ. ವಯಸ್ಸಿನ ಹೆಸರು ಹೇಳಿ ಬಿಟ್ಟಿದ್ದಕ್ಕೆ ವಾರಗಟ್ಟಲೆ ಒಬ್ಬ ಹಿರಿಯ ಮನುಷ್ಯ ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಕೂ ಹೆದರಿಕೊಂಡು ಮಲಗಿದರು. ಮಗುವಿನ ವಯಸ್ಸನ್ನು ಲೆಕ್ಕಕ್ಕೆ ತಗೊಳ್ಳಬೇಕಿತ್ತು, ತಗೊಳ್ಳಲಿಲ್ಲ. ಹಿರಿಯರ ವಯಸ್ಸನ್ನು ಲೆಕ್ಕಕ್ಕೆ ತಗೊಂಡು ಅಲ್ಲಿಗೇ ನಿಲ್ಲಿಸಿಬಿಟ್ಟರು. ಯಾರಾದರೂ "ಬ್ಯಾಲೆನ್ಸ್ ಸರಿಯಿಲ್ಲ" ಅಂದರೆ ಯಾವ ವಯಸ್ಸಿನವರ ಲೆಕ್ಕಕ್ಕೆ ಹೋಲಿಸಿದ್ದೀರಿ ಅಂತ ಕೇಳಿ. "ವಯಸ್ಸಾಯಿತು" ಅಂದರೆ ಬೇರೆ ಏನೇನು ನೋಡಿದ್ದೀರಿ ಅಂತ ಕೇಳಿ. ಮಲಗಿಸಿ ನಿಲ್ಲಿಸಿ ಬಿಪಿ ನೋಡಿದ್ದಾರಾ, ಪಾದ ಮುಟ್ಟಿ ನೋಡಿದ್ದಾರಾ, ಕಿವಿ ಪರೀಕ್ಷೆ ಆಯಿತಾ. ಮರ್ಯಾದೆಯಿಂದ ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ಮಂಪರು ಬರಿಸುವ ತಲೆಸುತ್ತಿನ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು. ಅದನ್ನು ತುಂಬ ದಿನ ತಗೊಂಡರೆ ಮೆದುಳು ಹೊಂದಿಕೊಳ್ಳೋದು ನಿಧಾನವಾಗುತ್ತೆ ಅಂದರು. ಬಿಪಿ ಮಾತ್ರೆಯ ಪ್ರಮಾಣವನ್ನೂ ಬದಲಿಸಿದರು. ನೀವಾಗಿಯೇ ಯಾವ ಮಾತ್ರೆಯನ್ನೂ ಬಿಡಬೇಡಿ, ಅದರಲ್ಲೂ ಹೃದಯದ್ದು. ಫಿಸಿಯೋಥೆರಪಿ ಸಕಲೇಶಪುರದಲ್ಲೇ ಸಿಕ್ಕಿತು, ಒಂದು ಸಲಕ್ಕೆ 400 ರೂಪಾಯಿ. ಕಲಿತುಕೊಂಡ ಮೇಲೆ ಮನೆಯಲ್ಲೇ ಮಾಡಿಸಿದೆ. ಜಗಲಿಯ ಗೋಡೆ ಪಕ್ಕ ನಡೆಯೋದು, ಕುರ್ಚಿಯಿಂದ ಎದ್ದು ಕೂರೋದು, ನಿಂತು ತಲೆ ತಿರುಗಿಸೋದು. ಯಾರಾದರೂ ಪಕ್ಕದಲ್ಲಿ ಇರಲೇಬೇಕು. ಕಣ್ಣು ಮುಚ್ಚಿ ನಿಲ್ಲುವ ಪರೀಕ್ಷೆಯನ್ನು ಹಿರಿಯರ ಕೈಯಲ್ಲಿ ಮನೆಯಲ್ಲಿ ಮಾಡಿಸೋಕೆ ಹೋಗಬೇಡಿ.

ಮಗಳಿಗೆ ಪತ್ರ ಸಿಕ್ಕಿತು. ಆದರೆ ಅದರಲ್ಲಿ "ಫಿಟ್" ಅಂತ ಒಂದೇ ಪದ ಇರಲಿಲ್ಲ. ಪೂರ್ತಿ ಪಾಠಕ್ಕೆ ಹೋಗಬಹುದು, ಆಟ ಹಂತ ಹಂತವಾಗಿ, ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಒಬ್ಬಳೇ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಹಂತಕ್ಕೂ ಕಡಿಮೆ ಅಂದರೆ ಒಂದು ದಿನ, ತಲೆನೋವು ಬಂದರೆ ಹಿಂದಿನ ಹಂತಕ್ಕೆ. ಪಿಟಿ ಮೇಷ್ಟ್ರು ಅದನ್ನು ಓದಿ ಹಾಗೇ ಪಾಲಿಸಿದರು. ಹೋಬಳಿ ಮಟ್ಟದ ಪಂದ್ಯ ಅಷ್ಟರಲ್ಲಿ ಮುಗಿದಿತ್ತು. ಅವಳಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ಆತುರ ಮಾಡಿ ಇನ್ನೊಂದು ಪೆಟ್ಟು ತಿನ್ನೋದು ಬೇಡ ಅನ್ನೋದರಲ್ಲಿ ನಮಗೆ ಎರಡು ಮಾತಿರಲಿಲ್ಲ. ಈಗ ದಿನಾ ಸಂಜೆ ಆಡುತ್ತಿದ್ದಾಳೆ.

ಫೈಲಿನಲ್ಲಿ ಇಟ್ಟುಕೊಳ್ಳಬೇಕಾದ್ದು ಜಾಸ್ತಿ ಇಲ್ಲ. ಮೊದಲ ದಿನದ ಚೀಟಿ, ಸ್ಕ್ಯಾನ್ ಫಿಲ್ಮ್ ಮತ್ತು ರಿಪೋರ್ಟ್, ಮಾತ್ರೆಗಳ ಪಟ್ಟಿ, ಬ್ಯಾಲೆನ್ಸ್ ಪರೀಕ್ಷೆಯ ಅಂಕ ಬರೆದ ಹಾಳೆ. ಕೊನೆಯದನ್ನು ಎಷ್ಟೋ ಕಡೆ ಕೊಡಲ್ಲ, ಕೇಳಿ ತಗೊಳ್ಳಿ. ಯಾವ ಭಂಗಿ, ಎಷ್ಟು ತಪ್ಪು, ಯಾವ ದಿನ ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಒಟ್ಟು ಅಂಕ ಮಾತ್ರ ಇದ್ದಿದ್ದರೆ ಮಗಳ 12ರಲ್ಲಿ 8 ಎಲ್ಲಿಂದ ಬಂತು ಅಂತ ನಮಗೆ ತಿಳಿಯುತ್ತಲೇ ಇರಲಿಲ್ಲ.

ಮಾವನವರ ಕುರ್ಚಿ ಪರೀಕ್ಷೆ ಹೋದ ಸಲ 13 ಸೆಕೆಂಡಿಗೆ ಬಂದಿದೆ. ಕೊಟ್ಟಿಗೆ ಮೆಟ್ಟಿಲನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಪಕ್ಕಕ್ಕೆ ಕಬ್ಬಿಣದ ಕಂಬಿ ಹಾಕಿಸಿದ್ದೇವೆ. ಕಣ್ಣಿನ ಪೊರೆ ತೆಗೆಸಿದರೆ ನಡಿಗೆ ಇನ್ನೂ ಸುಧಾರಿಸಬಹುದು ಅಂದಿದ್ದಾರೆ. ಮಳೆ ಕಡಿಮೆಯಾದ ಮೇಲೆ ಆಪರೇಷನ್ ಮಾಡಿಸುತ್ತೇವೆ. ಅದಾದ ಮೇಲೆ ಮತ್ತೊಮ್ಮೆ ಕುರ್ಚಿ ಪರೀಕ್ಷೆ ಮಾಡಿಸಿ, ಆ ಸೆಕೆಂಡನ್ನೂ ಇದೇ ಹಾಳೆಯಲ್ಲಿ ಬರೆಸಿಕೊಳ್ಳುವುದಿದೆ.